ಕರೆದಾಯ್ತು, ಹೋಗು

ಹೋದ ವಾರ ಶ್ರೀರಂಗಪಟ್ಟಣದಲ್ಲಿ ನಮ್ಮ ಸೀನಿಯರ್ ವಕೀಲರ ಆಫೀಸಿನ ಕಿಟಕಿಗಳಿಗೆ ಬಣ್ಣ ಹೊಡೆಸುತ್ತಿದ್ದರು. ಪೇಂಟರು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ನನ್ನ ಕೈಯಲ್ಲಿದ್ದ ಫೈಲು ಕೈಯಲ್ಲೇ ಉಳಿಯಿತು. ಮೂಗಿಗೆ ಹೊಡೆಯುವ ಆ ಗಾಟು ವಾಸನೆ... ಹುಳ ಬಿದ್ದ ದನದ ಗಾಯಕ್ಕೆ ಟರ್ಪೆಂಟೈನ್ ಬಿಟ್ಟು, ಚಿಮಟದಲ್ಲಿ ಒಂದೊಂದೇ ಹುಳ ಎತ್ತಿ, ಮೇಲೆ ಬೇವಿನೆಣ್ಣೆ ಹಚ್ಚುತ್ತಿದ್ದವರೊಬ್ಬರು ಪಾಂಡವಪುರದ ನಮ್ಮ ಮನೆಯ ಪಕ್ಕದ ಭಾಗದಲ್ಲಿ ಬಾಡಿಗೆಗಿದ್ದರು. ಅವರ ಅಂಗಿ, ಅವರ ಬೈಬಲ್ಲಿನ ರಟ್ಟು, ನಮ್ಮವ್ವ ಮುದ್ದೆ ಇಟ್ಟು ಕಳಿಸಿದ ತಟ್ಟೆ, ಎಲ್ಲಕ್ಕೂ ಅದೇ ವಾಸನೆ ಹತ್ತಿರುತ್ತಿತ್ತು.

ದನದ ಆಸ್ಪತ್ರೆಯ ಕಾಂಪೌಂಡರು. ನಮ್ಮ ಬೀದಿಗೆಲ್ಲ ಅವರೊಬ್ಬರೇ ಕ್ರೈಸ್ತರು. ಭಾನುವಾರ ಬೆಳಗಾದರೆ ಇಸ್ತ್ರಿ ಅಂಗಿ ತೊಟ್ಟು ಶ್ರೀರಂಗಪಟ್ಟಣದ ಚರ್ಚಿನ ಸಭೆಗೆ ಹೊರಡುವರು. ಉಳಿದ ಆರು ದಿನ ಯಾರದೋ ಹಟ್ಟಿಯಲ್ಲಿ ಮೊಣಕೈವರೆಗೂ ಸಗಣಿ. ನಮ್ಮಪ್ಪ ತಮಾಷೆ ಮಾಡುತ್ತಿದ್ದರು: "ನಮ್ ದ್ಯಾವ್ರಿಗೆ ಕೈ ಮುಗೀದಿದ್ರೂ ನಮ್ ದನಕ್ಕೆ ಕೈ ಆಕ್ತೀರಲ್ಲ ಕಾಂಪೌಂಡ್ರೇ, ಅಷ್ಟು ಸಾಕು ಬುಡಿ."

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ದಸರಾ ರಜೆಗೆ ಊರಿಗೆ ಬಂದಾಗ ನಾಗಮಂಗಲದ ಸ್ಪರ್ಧೆಯೊಂದರಲ್ಲಿ ಗೆದ್ದ ಷೀಲ್ಡು ಕಂಕುಳಲ್ಲಿತ್ತು. ವಿಷಯ ದೇವರಿದ್ದಾನೆಯೇ ಎಂಬುದು. ಇಲ್ಲ ಎಂದು ವಾದಿಸಿದ್ದೆ, ಮನಸ್ಸಿನಲ್ಲೂ ಅದನ್ನೇ ನಂಬಿದ್ದೆ. ಈಗಲೂ ನಂಬಿದ್ದೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾಂಪೌಂಡರು ಷೀಲ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಒಂದು ಕಾಗದ ತೋರಿಸಿದರು. ಪಾದ್ರಿಗಳನ್ನು ತಯಾರು ಮಾಡುವ ದೇವಜ್ಞಾನ ಶಾಲೆಯಿಂದ ಬಂದದ್ದು. ಸೀಟು ಸಿಕ್ಕಿತ್ತು. ಬರುವ ಭಾನುವಾರ ಸಭೆಯ ಮುಂದೆ ನಿಂತು, ದೇವರು ತನ್ನನ್ನು ಈ ಸೇವೆಗೆ ಕರೆದಿದ್ದಾನೆ ಎಂದು ಸಾಕ್ಷಿ ಹೇಳಬೇಕು. ಹೇಳಿದರೆ ಸೋಮವಾರವೇ ಸರ್ಕಾರಿ ನೌಕರಿಗೆ ರಾಜೀನಾಮೆ. ಅವರಿಗಾಗ ಮೂವತ್ತು ದಾಟಿತ್ತು. ದೇವರು ತನ್ನಿಂದ ಏನನ್ನು ಬಯಸಿದ್ದಾನೆಂದು ತಿಳಿಯುವ ತನಕ ಮದುವೆ ಬೇಡವೆಂದು ಕೂತಿದ್ದರು.

"ನಂಗೆ ಅಣ್ಣ ತಮ್ಮ ಯಾರೂ ಇಲ್ಲ. ಸಭೇಲಿ ಕೇಳಿದ್ರೆ ಎಲ್ರೂ ಓಗು ಅಂತಾರೆ. ನೀನೊಬ್ಬ ಎದುರು ಪಕ್ಷ ಆಗು. ನನ್ ಕಾರಣ ಮೂರವೆ. ಒಂದೊಂದ್ನೂ ಒಡೀತಾ ಬಾ. ಏಟು ತಿಂದೂ ಯಾವ್ದು ನಿಂತ್ಕತದೋ ಅದು ದೇವ್ರ ಕರೆ. ಯಾವ್ದೂ ನಿಲ್ನಿಲ್ವಾ, ನಾನು ಓಗಲ್ಲ."

"ಆಮ್ಯಾಕೆ ನನ್ ಮ್ಯಾಲೆ ಕೋಪ ಮಾಡ್ಕಬಾರ್ದು ಕಣಣ್ಣ."

"ಕನಿಕರ ತೋರ್ಸಿದ್ರೆ ಮಾಡ್ಕತೀನಿ, ಲಾಯರಪ್ಪ."

ನನಗೆ ಹಬ್ಬವಾಯಿತು. ಮನುಷ್ಯನೊಬ್ಬ ತನ್ನ ಬದುಕನ್ನೇ ವಾದಕ್ಕಿಡುತ್ತಿದ್ದಾನೆ ಎನ್ನುವುದು ತಲೆಗೆ ಹೋಗಿತ್ತು, ಎದೆಗೆ ಇಳಿದಿರಲಿಲ್ಲ.

ಸೋಮವಾರ ಸಂಜೆ ಮೊದಲ ಕಾರಣ ಹೊರಬಂತು. ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿದ್ದಾಗ ಅವರ ತಾಯಿ, ಇದೊಂದು ಉಳಿದರೆ ನಿನ್ನ ಸೇವೆಗೇ ಬಿಡುತ್ತೇನೆ ಎಂದು ಹರಸಿಕೊಂಡಿದ್ದರಂತೆ. "ಅರಕೆ ನಿಮ್ಮವ್ವಂದು. ಅರಕೆ ಕೋಳಿನ ಯಾರಾದ್ರೂ ಒಪ್ಗೆ ಕೇಳ್ತಾರಾ?" ಎಂದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನನ್ನ ಕೋಳಿ ಮಾಡ್ಬುಟ್ಯಲ್ಲೋ," ಎನ್ನುತ್ತಾ ಒಂದನೆಯದನ್ನು ಹೊಡೆದುಹಾಕಿದರು.

ಮಂಗಳವಾರ ಎರಡನೆಯದು. ಅವರು ಕೆ.ಆರ್. ಪೇಟೆಯ ಮಾಕವಳ್ಳಿ ಕಡೆಯವರು. ಹದಿನೈದರ ವಯಸ್ಸಿನಲ್ಲಿ ಗೆಳೆಯನೊಂದಿಗೆ ನಾಲೆಗೆ ಇಳಿದು ಇಬ್ಬರೂ ಸೆಳೆತಕ್ಕೆ ಸಿಕ್ಕಿದ್ದರು. ಇವರ ಕೈಗೆ ದಡದ ಬೇರೊಂದು ಸಿಕ್ಕಿತು. ಗೆಳೆಯನಿಗೆ ಸಿಗಲಿಲ್ಲ.

"ನನ್ನ ಉಳ್ಸಿದ್ಕೆ ಒಂದು ಉದ್ದೇಸ ಇರ್ಬೇಕಲ್ವಾ?"

ನಾನು ಒಂದು ಗಳಿಗೆಯೂ ತಡೆಯಲಿಲ್ಲ. "ಅಂಗಾದ್ರೆ ಆ ಹುಡ್ಗನ್ನ ಮುಳುಗ್ಸಿದ್ಕೂ ಒಂದು ಉದ್ದೇಶ ಇರ್ಬೇಕಲ್ವಾ? ಅದನ್ನ ಹೇಳಿ ಮೊದ್ಲು."

ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬುಧವಾರ ಮಾತಿಲ್ಲ, ಗುರುವಾರವೂ ಇಲ್ಲ. ನಮ್ಮವ್ವ, "ಏನಂದ್ಯೋ ಆ ಪುಣ್ಯಾತ್ಮುಂಗೆ? ತಟ್ಟೆ ಅಂಗೇ ವಾಪಸ್ ಬಂದದೆ," ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು. ಹೋಗಿ ಕ್ಷಮೆ ಕೇಳಲೇ ಎಂದು ಎರಡು ಸಲ ಅವರ ಬಾಗಿಲ ತನಕ ಹೋದೆ... ಕೇಳಲಿಲ್ಲ. ಕ್ಷಮೆ ಕೇಳಿದರೆ ವಾದ ಬಿಟ್ಟುಕೊಟ್ಟಂತಾಗುತ್ತದೆ ಎಂಬ ಬಿಂಕ.

ಶುಕ್ರವಾರ ಅವರೇ ಬಂದರು. ಗಡ್ಡ ಬೋಳಿಸಿರಲಿಲ್ಲ. "ಅದ್ಕೆ ನನ್ತಾವ ಉತ್ರ ಇಲ್ಲ. ಒಡ್ದಾಕು," ಎಂದರು. ಮೂರನೆಯದು ಎಂದೆ. "ಅದು ಭಾನುವಾರ. ನೀನೂ ಬಾ. ಇದುವರ್ಗೂ ಯಾರ್ಗೂ ಯೋಳಿಲ್ಲ."

ಭಾನುವಾರ ಬೆಳಗಿನ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ರಾಜೀನಾಮೆಯ ಕಾಗದ ಬರೆದು, ಮಡಿಸಿ, ಬೈಬಲ್ಲಿನೊಳಗೆ ಇಟ್ಟುಕೊಂಡಿದ್ದರು. ರೈಲ್ವೆ ಸ್ಟೇಷನ್ನಿನ ಸ್ಟಾಪು ದಾಟಿತು. ಆಮೇಲೆ ತಗ್ಗಿದ ದನಿಯಲ್ಲಿ ಶುರುಮಾಡಿದರು. ಆ ವರ್ಷದ ಆಷಾಢದಲ್ಲಿ ಒಂದು ಬೆಳಗು, ತಮ್ಮ ಕೋಣೆಯಲ್ಲಿ ಮೊಣಕಾಲೂರಿ, ಸ್ವಾಮಿ, ನನ್ನನ್ನು ಕರೆದಿದ್ದೀಯೋ ಇಲ್ಲವೋ, ಒಂದೇ ಒಂದು ಮಾತು ಹೇಳು ಎಂದು ಕೇಳಿಕೊಂಡಿದ್ದರಂತೆ. ಕೇಳಿ ಬಾಯಿ ಮುಚ್ಚಿದ್ದಾರೋ ಇಲ್ಲವೋ, ಕಿವಿಯ ಪಕ್ಕದಲ್ಲೇ ಉತ್ತರ ಬಂತಂತೆ.

"ಕರ್ದಾಯ್ತು, ಓಗು."

ನಾನು ಅವರ ಮುಖ ನೋಡಿದೆ. ಆಮೇಲೆ ನಕ್ಕುಬಿಟ್ಟೆ. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ.

"ಅಣ್ಣ, ಅದು ನಮ್ಮವ್ವ ಕಣಣ್ಣ! ನಿಮ್ ಗ್ವಾಡೆ ಆಚಿಕಡೇನೇ ನಮ್ ಕೊಟ್ಗೆ. ಹಾಲು ಕರ್ದು ಮುಗ್ಸಿ, ಕರೂನ್ ಹಗ್ಗ ಬಿಚ್ಚಿ, ಮಿಕ್ಕಿದ್ದು ಕುಡ್ಕೋ ಅಂತ ತಾಯ್ತಾವ ಬಿಡ್ತಾಳೆ. ಆವಾಗ ಅವ್ಳು ದಿನಾ ಹೇಳೋ ಮಾತೇ ಅದು. ಕರ್ದಾಯ್ತು, ಓಗು. ನಾನು ಹುಟ್ದಾಗಿಂದ ಕೇಳಿವ್ನಿ!"

ನಮ್ಮ ಭಾಷೆಯಲ್ಲಿ ದೇವರು ಭಕ್ತನನ್ನು ಕರೆಯುವುದಕ್ಕೂ ಅವ್ವ ಹಾಲು ಕರೆಯುವುದಕ್ಕೂ ಒಂದೇ ಮಾತು. ಇದಕ್ಕಿಂತ ಚೆಂದದ ಖಂಡನೆ ನನಗೆ ಯಾವ ವೇದಿಕೆಯ ಮೇಲೂ ಸಿಕ್ಕಿರಲಿಲ್ಲ.

ಕಾಂಪೌಂಡರು ನನ್ನನ್ನೇ ದಿಟ್ಟಿಸಿದರು. "ಕರೀಗಾ?" ಎಂದರು.

"ಊಂ, ಕರೀಗೆ."

ಏನೋ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು. ಕಿಟಕಿಯ ಕಡೆ ತಿರುಗಿದರು. ಬಾಬುರಾಯನಕೊಪ್ಪಲು ಹೋಯಿತು, ಕಾವೇರಿಯ ಸೇತುವೆ ಬಂತು. ಬೈಬಲ್ಲಿನ ಮೇಲಿದ್ದ ಅವರ ಹೆಬ್ಬೆರಳು ರಟ್ಟನ್ನು ಒತ್ತಿ ಒತ್ತಿ ಬೆಳ್ಳಗಾಗಿತ್ತು. ನನ್ನ ನಗು ಅಷ್ಟರಲ್ಲಿ ಸತ್ತಿತ್ತು. ಬೇಕಿದ್ದರೆ ನನ್ನ ಈ ಒಂದು ವಾದವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಹೇಳಬೇಕೆನ್ನಿಸಿತು. ಅವರು ಒಪ್ಪುತ್ತಿರಲಿಲ್ಲ.

ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆ. ಪಾದ್ರಿಗಳು ಅವರ ಹೆಸರು ಹೇಳಿದರು. ಅವರು ಎದ್ದು ಮುಂದೆ ಹೋದರು. ಹೆಂಗಸರು ಸೆರಗು ಸರಿಮಾಡಿಕೊಂಡು, ಸ್ತೋತ್ರ ಹೇಳಲು ಸಿದ್ಧರಾಗಿ ಮುಂದಕ್ಕೆ ಬಾಗಿದರು. ಕಾಂಪೌಂಡರು ಬೈಬಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಯಾರೋ ಕೆಮ್ಮಿದರು. ನಾನು ಹೇಳಿದ್ದನ್ನು ಮರೆತು, ಕರೆ ಬಂದಿದೆ ಎಂದುಬಿಡಲಿ ಎಂದು ನಾನೇ ಒಳಗೊಳಗೆ ಬೇಡಿಕೊಳ್ಳುತ್ತಿದ್ದೆ. ಯಾರನ್ನು ಬೇಡಿಕೊಂಡೆನೋ...

"ನನಗೆ ಕರೆ ಬಂದಿದೆ ಅಂತ ತಿಳ್ಕೊಂಡಿದ್ದೆ," ಎಂದರು ಕೊನೆಗೆ. "ಅದು ನನಗೆ ಹೇಳಿದ ಮಾತೋ ಅಲ್ಲವೋ, ಗಟ್ಟಿಯಾಗಿ ಹೇಳೋಕೆ ಆಗ್ತಿಲ್ಲ. ಗಟ್ಟಿಯಿಲ್ಲದ್ದನ್ನ ದೇವರ ಹೆಸರಲ್ಲಿ ಹೇಳಬಾರದು. ಆದರೆ ಹೋಗು ಅನ್ನೋದೊಂದು ಮಾತು ಉಳ್ಕೊಂಡಿದೆ. ಎಲ್ಲಿಗೆ ಅಂತ ಹೇಳಿಲ್ಲ. ಎಲ್ಲಿ ಕೂಗ್ತಾರೋ ಅಲ್ಲಿಗೆ ಹೋಗ್ತೀನಿ. ನನಗಾಗಿ ಪ್ರಾರ್ಥನೆ ಮಾಡಿ."

ಯಾರೂ ಸ್ತೋತ್ರ ಹೇಳಲಿಲ್ಲ. ಹೊರಗೆ ಬಂದಾಗ ಸಭೆಯ ಹಿರಿಯರೊಬ್ಬರು ನನ್ನ ಭುಜ ಹಿಡಿದರು. ನಮ್ಮಿಬ್ಬರ ವಾದದ ವಿಷಯ ಅವರಿಗೆ ಹೇಗೋ ತಿಳಿದಿತ್ತು. "ಗೆದ್ಯಪ್ಪಾ. ಇನ್ನೇನು, ಇದ್ಕೂ ಒಂದ್ ಷೀಲ್ಡ್ ಮಾಡಿಸ್ಕೋ."

ಕಾಂಪೌಂಡರು ನನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ, ಮಾತು ಉಳಿಸಿಕೊಂಡರು. ಮಾರನೆಯ ವರ್ಷ ನಾಗಮಂಗಲ ತಾಲ್ಲೂಕಿಗೆ, ಬೆಳ್ಳೂರು ಕಡೆಗೆ ವರ್ಗವಾಯಿತು. ಆಮೇಲಾಮೇಲೆ ಕಾರ್ಡು ಬರೆಯುತ್ತಿದ್ದರು. ಎಲ್ಲದರಲ್ಲೂ ನನಗೊಂದು ಪ್ರಶ್ನೆ. ಅರ್ಧಕ್ಕೆ ಉತ್ತರ ಬರೆದೆ, ಅರ್ಧಕ್ಕೆ ಬರೆಯಲಿಲ್ಲ...

ಎರಡು ವರ್ಷದ ನಂತರ ಅಲ್ಲೊಂದು ಹಳ್ಳಿಯಲ್ಲಿ, ಹಸು ಮೇವು ನುಂಗುತ್ತಿಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಇವರನ್ನು ಕರೆದೊಯ್ದರು. ಇವರು ಮೊಣಕೈವರೆಗೂ ಕೈ ಹಾಕಿ ಹುಡುಕಿದರು. ಏನೂ ಸಿಗಲಿಲ್ಲ. ಮೂರು ದಿನಕ್ಕೆ ಹಸು ವಿಕಾರವಾಗಿ ಕೂಗಿಕೊಂಡು ಸತ್ತಾಗಲೇ ಗೊತ್ತಾದದ್ದು, ಅದಕ್ಕೆ ಹುಚ್ಚುನಾಯಿ ಕಚ್ಚಿತ್ತೆಂದು. ಆ ಮನೆಯವರೆಲ್ಲ ಅದರ ಬಾಯಿಗೆ ಕೈ ಹಾಕಿ ಗಂಜಿ ಕುಡಿಸಿದ್ದರು. ಹೊಕ್ಕುಳ ಸುತ್ತ ಸೂಜಿ ಎಂದರೆ ಯಾರೂ ಒಪ್ಪಲಿಲ್ಲ. ಕಾಂಪೌಂಡರು ಅವರ ಬಾಗಿಲಲ್ಲೇ ಕೂತರಂತೆ. ಅನ್ನ ಕೊಟ್ಟರೂ ಮುಟ್ಟದೆ, ಬೈದರೂ ಏಳದೆ, ಮುದುಕಿಯಿಂದ ಹಿಡಿದು ಸೊಸೆಯವರೆಗೆ ಎಲ್ಲರನ್ನೂ ಆಸ್ಪತ್ರೆಗೆ ಹೊರಡಿಸಿಕೊಂಡೇ ಎದ್ದರಂತೆ. ಆ ಓಡಾಟದಲ್ಲಿ ತಮ್ಮ ಸೂಜಿಯನ್ನು ಎಷ್ಟು ದಿನ ಮುಂದೂಡಿದರೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆ ಮನೆಯವರೆಲ್ಲ ಉಳಿದರು. ಇವರು ಉಳಿಯಲಿಲ್ಲ.

ಮಣ್ಣಿಗೆ ಹೋಗಿದ್ದೆ. ಅದೇ ಹಿರಿಯರು ಕಣ್ಣೊರೆಸಿಕೊಳ್ಳುತ್ತಾ, "ಇದಕ್ಕೇ ಕಣಪ್ಪ ದೇವರು ಅವನನ್ನ ಇಲ್ಲೇ ಇಟ್ಕೊಂಡಿದ್ದು," ಎಂದರು. ನಾನು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ಆದದ್ದನ್ನೆಲ್ಲ ಆಗಲೇಬೇಕಾಗಿದ್ದದ್ದು ಎನ್ನಲು ತರ್ಕವೇ ಬೇಕಿಲ್ಲ. ಆದರೆ ನನ್ನ ತರ್ಕಕ್ಕೂ ಆ ದಿನ ಬಾಯಿರಲಿಲ್ಲ. ನಾನು ಬಸ್ಸಿನಲ್ಲಿ ನಗದೆ ಸುಮ್ಮನಿದ್ದಿದ್ದರೆ ಅವರು ಎಲ್ಲೋ ಪಾದ್ರಿಯಾಗಿ ಬದುಕಿರುತ್ತಿದ್ದರು. ಆ ಮನೆಯವರು?... ಅಲ್ಲಿಂದ ಮುಂದಕ್ಕೆ ಯೋಚನೆ ಹೋಗದು.

ಇಷ್ಟನ್ನೂ ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೋದ ವಾರ ಆ ವಾಸನೆ ಹೊತ್ತುಕೊಂಡೇ ಸಂಜೆಯ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋದೆ. ಅವರೆಕಾಯಿ ಸುಲಿಯುತ್ತಿದ್ದ ಅವ್ವನ ಎದುರು ಕೂತು ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ಯಾವ ಆಸಾಡ ಅಂದೆ?"

ಹೇಳಿದೆ.

"ಆಗ ಕರ ಎಲ್ಲಿತ್ಲಾ? ಉಟ್ಟಿ ಎಂಟೇ ದಿನುಕ್ಕೆ ಸತ್ತೋಯ್ತಲ್ಲ. ಕರ ಓದ್ಮ್ಯಾಕೆ ಆ ಹಸ ಹಾಲೇ ಬುಡ್ನಿಲ್ಲ. ಆ ಮಳೆಗಾಲ್ವೆಲ್ಲ ಡೈರಿ ಹಾಲು ತಂದು ಕುಡುದ್ವಿ. ನೀನು ಆಸ್ಟ್ಲಲ್ಲಿದ್ದೆ, ನಿಂಗೇನ್ ಗೊತ್ತು." ಒಂದು ಕಾಯಿ ಬಿಡಿಸಿದಳು. "ಹಿತ್ಲಲ್ಲಿ ಗುಂಡಿ ತೋಡಿ ಆ ಕರೀನ ಹೂತಿದ್ದೇ ಕಾಂಪೌಂಡ್ರು."

ನಾನು ಸಾಕ್ಷ್ಯ ಪರೀಕ್ಷಿಸಿರಲಿಲ್ಲ. ಎಲ್ಲರನ್ನೂ ಪುರಾವೆ ಕೇಳುವ ನಾನು, ಒಬ್ಬ ಮನುಷ್ಯನ ಬದುಕನ್ನು ತಿರುಗಿಸಿದ ಆ ಒಂದು ಮಾತನ್ನು ಅವ್ವನ ಬಳಿ ಕೇಳಿ ಖಚಿತ ಮಾಡಿಕೊಂಡಿರಲಿಲ್ಲ. ಬೇರೆ ಮನೆಯ ಕೊಟ್ಟಿಗೆಯಿಂದ ಬಂದ ದನಿ ಇರಬಹುದು, ನಮ್ಮ ಬೀದಿಯಲ್ಲಿ ಹಸುಗಳಿಗೇನು ಕಡಿಮೆ. ಅರೆನಿದ್ದೆಯ ಭ್ರಮೆಯೂ ಇರಬಹುದು. ಅವೆಲ್ಲ ಸರಿ. ಆದರೆ ಅವರಿಗೆ ಗೊತ್ತಿತ್ತು. ಆ ಕರುವನ್ನು ತಮ್ಮ ಕೈಯಾರೆ ಹೂತಿದ್ದವರು. ಬಸ್ಸಿನಲ್ಲಿ, ಕರು ಸತ್ತಿತ್ತಲ್ಲಪ್ಪ ಎಂದಿದ್ದರೆ ನನ್ನ ವಾದ ಅಲ್ಲೇ ಬಿದ್ದುಹೋಗುತ್ತಿತ್ತು. ಮೂರನೆಯ ಕಾರಣ ಏಟು ತಿಂದೂ ನಿಲ್ಲುತ್ತಿತ್ತು. ಅವರು ಬಾಯಿ ತೆರೆದರು, ಮುಚ್ಚಿಕೊಂಡರು. ನಾಲೆಯ ಹುಡುಗನ ವಿಷಯದಲ್ಲಿ ತಮಗೆ ಉತ್ತರವಿಲ್ಲದ ಮೇಲೆ ಉಳಿದ ಉತ್ತರ ಬೇಡವೆನ್ನಿಸಿತೇ? ಒಳಗೊಳಗೆ ಅವರಿಗೂ ದನಗಳನ್ನು ಬಿಟ್ಟು ಹೋಗುವುದು ಬೇಡವಾಗಿತ್ತೇ?...

"ಆವಾಗ್ಲೇ ಕೇಳ್ಬೇಕಾಗಿತ್ತು ಕಣ್ಲಾ," ಎಂದಳು ಅವ್ವ.

"ಯಾರ್ನ? ನಿನ್ನಾ, ಅವ್ರನ್ನಾ?"

"ಇಬ್ರನ್ನೂವೆ," ಎಂದು ಅವ್ವ ಸಿಪ್ಪೆ ಬಾಚಿಕೊಂಡು ಒಳಗೆ ಹೋದಳು. ಕಾಂಪೌಂಡರಿದ್ದ ಭಾಗದಲ್ಲೀಗ ಬೇರೆ ಬಾಡಿಗೆಯವರಿದ್ದಾರೆ.