ಮೊಸರನ್ನ ತಿಂದ ಬೇಟೆನಾಯಿ

“ಸುಮಾ, ಇವತ್ತೂ ತಂದಿಟ್ಟಿದೆ ಕಣೇ. ಇವತ್ತು ಎರಡು!”

ಶನಿವಾರ ಬೆಳಗ್ಗೆ. ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇನ್ನೂ ಇಳಿಯುತ್ತಿತ್ತು, ಅಷ್ಟರಲ್ಲಿ ಗೆಳತಿ ವಸುಧಾಳ ಫೋನು. ಏನು ತಂದಿಟ್ಟಿದೆ ಎಂದು ನಾನು ಕೇಳಲಿಲ್ಲ. ವಾರದಿಂದ ಅದೇ ಸುದ್ದಿ. ಅವಳ ಮನೆಯ ಹಿತ್ತಲ ಬಾಗಿಲಲ್ಲಿ, ತುಳಸಿ ಕುಂಡದ ಪಕ್ಕದಲ್ಲಿ, ಸತ್ತ ಮೊಲ. ತಂದಿಟ್ಟದ್ದು ಅವರ ನಾಯಿ ಚಿನ್ನಿ. ಪಕ್ಕದಲ್ಲೇ ಬಾಲ ಅಲ್ಲಾಡಿಸುತ್ತ ಕೂತಿರುತ್ತದೆ, ಬಹುಮಾನಕ್ಕೆ ಕಾಯುವಂತೆ.

“ಸ್ನಾನ ಮಾಡಿ, ತುಳಸಿಗೆ ದೀಪ ಇಡೋಣ ಅಂತ ಬಾಗಿಲು ತೆಗೆದ್ರೆ ಎದುರಿಗೇ ಇದು. ಕಾಲಿಗೆ ತಗುಲ್ತು ಕಣೇ. ಇನ್ನೂ ಬೆಚ್ಚಗಿತ್ತು.”

ನನಗೆ ಪಾಪ ಅನಿಸಿತು. ಯಾರ ಬಗ್ಗೆ ಎಂದು ಕೇಳಿದರೆ ಉತ್ತರ ಕಷ್ಟ. ಮೊಲ, ವಸುಧಾ, ನಾಯಿ, ಮೂವರೂ ಸಾಲಾಗಿ ಕಣ್ಣ ಮುಂದೆ ಬಂದರು.

ಇರಿ, ಮೊದಲಿನಿಂದ ಹೇಳುತ್ತೇನೆ.

ವಸುಧಾಳ ಗಂಡ ಸತೀಶ ಮೈಸೂರಿನವರು, ಮೆಕ್ಯಾನಿಕಲ್ ಎಂಜಿನಿಯರ್. ನಮ್ಮ ಮನೆಯವರೂ ಅವರೂ ಇಲ್ಲಿ ಉತ್ತರದ ಕಬ್ಬಿಣದ ಗಣಿಯೊಂದರಲ್ಲಿ ಒಟ್ಟಿಗೆ ಇದ್ದರು. ಎರಡು ವಾರ ಗಣಿಯಲ್ಲಿ, ಒಂದು ವಾರ ಪರ್ತ್‌ನಲ್ಲಿ. ಅದಿರಿನ ಬೆಲೆ ಬಿದ್ದ ವರ್ಷ ಸತೀಶರ ಕೆಲಸ ಹೋಯಿತು, ನಮ್ಮವರದು ಉಳಿಯಿತು. (ಯಾಕೆ ಹಾಗೆ ಎಂದು ಕಂಪನಿಗೂ ಗೊತ್ತಿರಲಾರದು.) ಬೇರೆಯವರಾಗಿದ್ದರೆ ಬ್ರಿಸ್ಬೇನೋ ಅಡಿಲೇಡೋ ಎಂದು ರೆಸ್ಯೂಮೆ ಹಿಡಿದು ಹೊರಡುತ್ತಿದ್ದರು. ಸತೀಶ ಕ್ಯಾನಿಂಗ್ ವೇಲ್‌ನಲ್ಲಿದ್ದ ಮನೆ ಮಾರಿ, ಸ್ವಾನ್ ವ್ಯಾಲಿಯಲ್ಲಿ ಒಂದು ಹಳೇ ಮನೆಯಿದ್ದ ಐದು ಎಕರೆ ಜಮೀನು ಕೊಂಡರು. ಸುತ್ತಮುತ್ತ ಎಲ್ಲರದೂ ದ್ರಾಕ್ಷಿ. ಇವರು ಹಾಕಿದ್ದು ಅವರೆ.

ಹೌದು, ನಮ್ಮ ಅವರೆಕಾಯಿಯೇ. ಇಂಡಿಯನ್ ಅಂಗಡಿಯ ಫ್ರೋಜನ್ ಪ್ಯಾಕೆಟ್ ಒಡೆದು ಮೂಗಿಗೆ ಹಿಡಿದು ‘ಸೊಗಡೇ ಇಲ್ಲ’ ಎಂದು ನಿಟ್ಟುಸಿರು ಬಿಡುವ ಕನ್ನಡಿಗರು ಈ ಊರಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಸತೀಶರಿಗೆ ಚೆನ್ನಾಗಿ ಗೊತ್ತಿತ್ತು. ಇಲ್ಲಿ ಚಳಿ ಬರುವುದು ಜೂನ್, ಜುಲೈಗೆ. ಅವರೆಗೂ ಅದೇ ಸೀಸನ್. (ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿರುವ ನನ್ನ ತಂಗಿಯ ಪ್ರಕಾರ ಆ ಕಡೆ ಅವರೆಯನ್ನು ದನದ ಮೇವಿಗೆಂದೇ ಬೆಳೆಯುತ್ತಾರಂತೆ. ಪುಣ್ಯವಂತ ದನಗಳು!)

ಮೊದಲ ವರ್ಷ ಅವರೆ ಚೆನ್ನಾಗಿ ಚಿಗುರಿತು. ಚಿಗುರನ್ನು ಮೊಲಗಳು ತಿಂದವು. ಬೇಲಿಗೆ ಮೆಶ್ ಹಾಕಿಸಿದರೆ ಅಡಿಯಲ್ಲಿ ತೋಡಿಕೊಂಡು ಬಂದವು. ಕೊನೆಗೆ ಸಿಕ್ಕಿದ್ದು ಒಂದು ಬುಟ್ಟಿ ಕಾಯಿ.

“ಈ ವರ್ಷಾನೂ ಹಿಂಗೇ ಆದ್ರೆ ಜಮೀನು ಮಾರ್ಬೇಕು ಸುಮಾ ಅವ್ರೆ. ಮತ್ತೆ ಇಂಟರ್‌ವ್ಯೂ ಕೊಡ್ಬೇಕು. ಐವತ್ತರ ಹತ್ರ ಬಂದವನನ್ನ ಯಾರು ತಗೋತಾರೆ ಹೇಳಿ?” ಎಂದರು ಸತೀಶ. ನಗುತ್ತಲೇ ಹೇಳಿದರು. ಆದರೆ ಎದುರಿಗಿದ್ದ ವಸುಧಾ ನಗಲಿಲ್ಲ.

ಪಕ್ಕದ ದ್ರಾಕ್ಷಿ ತೋಟದವನು ಉಪಾಯ ಹೇಳಿದ. ಒಂದು ಲರ್ಚರ್ ನಾಯಿ ಸಾಕಿಕೊಳ್ಳಿ.

ಲರ್ಚರ್ ಎನ್ನುವುದು ನಾಯಿಯ ಜಾತಿಯಲ್ಲ, ಕಸುಬು. ನಮ್ಮ ಮುಧೋಳ ನಾಯಿ ಗೊತ್ತಲ್ಲ? ಬೆನ್ನಿಗಂಟಿದ ಹೊಟ್ಟೆ, ಉದ್ದ ಕಾಲು, ಮೂಗಿಗಿಂತ ಕಣ್ಣನ್ನು ನಂಬಿ ಓಡುವ ನಾಯಿ. ಗ್ರೇಹೌಂಡ್ ಅದರ ದಾಯಾದಿ ಎನ್ನಿ. ಆದರೆ ಬರೀ ಗ್ರೇಹೌಂಡ್‌ಗೆ ವೇಗ ಇದ್ದಷ್ಟು ಉಪಾಯ ಇರುವುದಿಲ್ಲ. ಚರ್ಮವೂ ತೆಳು, ಬೇಲಿಯ ತಂತಿ ತಗುಲಿದರೆ ಸೀಳಿಕೊಳ್ಳುತ್ತದೆ. ಆದ್ದರಿಂದ ಅದನ್ನು ದುಡಿಯುವ ನಾಯಿಯ ಜೊತೆ ಬೆರಕೆ ಮಾಡುತ್ತಾರೆ. ಆ ಬೆರಕೆಯೇ ಲರ್ಚರ್. ಬುದ್ಧಿ ಬೇಕೆನ್ನುವವರು ಕುರಿ ಕಾಯುವ ಕಾಲಿ ನಾಯಿಯ ಜೊತೆ, ಗಟ್ಟಿತನ ಬೇಕೆನ್ನುವವರು ಬುಲ್ ಟೆರಿಯರ್ ಜೊತೆ. ದಮ್ಮು ಬೇಕೆನ್ನುವವರಿಗೆ ಮರುಭೂಮಿಯ ಸಲೂಕಿ. ಇವುಗಳಲ್ಲಿ ಯಾವುದು ನಿಜವಾದ ಆಲ್‌ರೌಂಡರ್ ಎಂದು ಇಂಟರ್ನೆಟ್ಟಿನಲ್ಲಿ ನಡೆಯುವ ಜಗಳ ನೋಡಬೇಕು. ಕಾಫಿಪುಡಿಗೆ ಚಿಕೋರಿ ಎಷ್ಟಿರಬೇಕು ಎಂದು ನಮ್ಮವರು ಆಡುವ ಜಗಳ ಅದರ ಮುಂದೆ ಏನೂ ಅಲ್ಲ.

ಸತೀಶ ಗಣಿಗೆ ಪಂಪ್ ಆರಿಸಿದ ಹಾಗೆಯೇ ನಾಯಿ ಆರಿಸಲು ಕೂತರು. ಎಕ್ಸೆಲ್ ತೆರೆದರು. ವೇಗ, ದಮ್ಮು, ತಿರುವು, ಮೂಗು, ಮಾತು ಕೇಳುವುದು, ಒಂದೊಂದಕ್ಕೂ ಒಂದೊಂದು ವೇಟೇಜ್.

ವಸುಧಾ ಹಿಂದೆ ನಿಂತು ನೋಡುತ್ತಿದ್ದಳು. “ಮುಖ್ಯವಾದ ಕಾಲಂನೇ ಬಿಟ್ಬಿಟ್ಟಿದೀರ.”

“ಯಾವ್ದು?”

“ಸಾಧು ಸ್ವಭಾವ. ಮೊಲಾನ ಓಡಿಸ್ಬೇಕು ಅಷ್ಟೆ ರೀ. ಕೊಲ್ಲೋ ನಾಯಿ ನಮ್ಮನೇಗೆ ಬೇಡ.”

ಸತೀಶ ಸ್ವಲ್ಪ ಯೋಚಿಸಿ ಆ ಕಾಲಮ್ಮನ್ನೂ ಸೇರಿಸಿದರು. ಬೇಟೆನಾಯಿಗೆ! (ನಾನು ಅಲ್ಲೇ ಇದ್ದೆ. ನಗಲಿಲ್ಲ. ಬಾಯಲ್ಲಿ ಅವರ ಮನೆಯ ಕೋಡುಬಳೆ ಇತ್ತು.)

ಒಂದು ಭಾನುವಾರ ಅರ್ವೊ, ಅಂದರೆ ಇಲ್ಲಿಯವರ ಬಾಯಲ್ಲಿ ಮಧ್ಯಾಹ್ನ, ಲರ್ಚರ್ ಸಾಕುವ ಡೆಸ್ ಎಂಬಾತನ ಫಾರ್ಮಿಗೆ ಹೋದೆವು. ನಮ್ಮವರು ಗಣಿಯಲ್ಲಿದ್ದರು, ನನಗೆ ಬೇರೆ ಕೆಲಸವಿರಲಿಲ್ಲ, ನಾನೂ ಹೊರಟೆ. ಡೆಸ್ ಒಂದೊಂದೇ ನಾಯಿಯನ್ನು ಬಿಟ್ಟು ತೋರಿಸಿದ. ವಸುಧಾ ಕಾರಿನಿಂದ ಇಳಿಯಲಿಲ್ಲ. ಗಾಜು ಏರಿಸಿ, ಕಣ್ಣು ಮುಚ್ಚಿ, ಯಾವುದೋ ಸ್ತೋತ್ರ ಹೇಳಿಕೊಳ್ಳುತ್ತ ಕೂತಳು.

ಮೊದಲು ಡೀರ್‌ಹೌಂಡ್ ಬೆರಕೆ. ಕತ್ತೆಮರಿಯಷ್ಟು ಎತ್ತರ. ಮೊಲ ಎದ್ದದ್ದೇ ತಡ, ಎಕ್ಸ್‌ಪ್ರೆಸ್ ರೈಲಿನ ಹಾಗೆ ಹೊರಟಿತು. ಮೊಲ ಪಕ್ಕಕ್ಕೆ ತಿರುಗಿತು. ರೈಲು ನೇರ ಹೋಯಿತು. “ನರಿಗೆ ಇವನೇ ಸರಿ, ಬಯಲಾಗಿದ್ದರೆ,” ಎಂದ ಡೆಸ್. ಬುಲ್ ಟೆರಿಯರ್ ಬೆರಕೆಗೆ ಎದೆಗಾರಿಕೆ ಇತ್ತು, ಬ್ರೇಕ್ ಇರಲಿಲ್ಲ. ಬೇಲಿಯಡಿ ನುಸುಳಿದ ಮೊಲವನ್ನು ಬಿಟ್ಟು ಬೇಲಿಗೇ ಗುದ್ದಿಕೊಂಡು, ತಪ್ಪೆಲ್ಲ ಬೇಲಿಯದೇ ಎಂಬಂತೆ ಅದರ ಮೇಲೆ ಬೊಗಳಿತು. ಆದರೂ ಅಲ್ಲೇ ನಿಂತಿದ್ದ ಡೆಸ್‌ನ ಭಾವಮೈದುನ “ಆಲ್‌ರೌಂಡರ್ ಅಂದ್ರೆ ಇದೇ” ಎಂದು ಪಟ್ಟು ಹಿಡಿದ. (ನಾಯಿ ಅವನದಂತೆ.) ಸಲೂಕಿ ಬೆರಕೆ ಓಡುವುದನ್ನು ನೋಡಲು ಎರಡು ಕಣ್ಣು ಸಾಲದು. ಓಡಿತು, ಓಡಿತು, ದಿಬ್ಬ ದಾಟಿ ಕಣ್ಮರೆಯಾಯಿತು. ಡೆಸ್ ಶಿಳ್ಳೆ ಹೊಡೆದ, ಕೂಗಿದ, ಬೈದ. ನಾವು ಟೀ ಕುಡಿದು ಮುಗಿಸಿದ ಮೇಲೆ, ತನಗೆ ಬರಬೇಕೆನಿಸಿದಾಗ ಬಂತು.

ಕೊನೆಗೆ ಕಾಲಿ ಬೆರಕೆಯ ಹೆಣ್ಣುನಾಯಿ. ಕಪ್ಪು ಬಿಳುಪು, ನೋಡಲು ಏನೂ ವಿಶೇಷವಿಲ್ಲ. ಉಳಿದವು ಮೊಲದ ಹಿಂದೆ ಓಡಿದ್ದವು. ಇದು ಮೊಲಕ್ಕೂ ಅದರ ಬಿಲಕ್ಕೂ ನಡುವೆ ಓಡಿತು. ಎರಡು ತಿರುವು, ಕುತ್ತಿಗೆಗೆ ಒಂದು ಕಚ್ಚು, ಮುಗಿಯಿತು. ತಂದು ಡೆಸ್‌ನ ಕಾಲ ಬಳಿ ಇಟ್ಟು ಮುಖ ನೋಡುತ್ತ ಕೂತಿತು.

ಸತೀಶ ಫೋನಿನಲ್ಲೇ ಎಕ್ಸೆಲ್ ತೆರೆದು ಅಂಕ ತುಂಬಿದರು. ಆಮೇಲೆ ಮೆಲ್ಲಗೆ ಕೇಳಿದರು, ಇದನ್ನು ಕೊಲ್ಲದೆ ಬರೀ ಓಡಿಸುವ ಹಾಗೆ ಟ್ರೈನ್ ಮಾಡಲು ಆಗುತ್ತದಾ?

ಡೆಸ್ ಅವರ ಮುಖವನ್ನೇ ನೋಡಿದ. “ಅದಕ್ಕೆ ನಾಯಿ ಯಾಕೆ ಮೇಟ್? ಒಂದು ಕೋಲಿಗೆ ಅಂಗಿ ತೊಡಿಸಿ ನಿಲ್ಲಿಸು.”

ವಸುಧಾ ಗಾಜನ್ನು ಎರಡು ಬೆರಳಿನಷ್ಟು ಇಳಿಸಿ, “ಆಯ್ತೇನ್ರೀ?” ಎಂದಳು.

“ಆಯ್ತು. ಇದೇ ಸರಿ. ತುಂಬಾ ಮಾತು ಕೇಳತ್ತೆ,” ಎಂದರು ಸತೀಶ. ಅದು ಸುಳ್ಳೇನೂ ಆಗಿರಲಿಲ್ಲ. ಉಳಿದದ್ದನ್ನು ಹೇಳಲಿಲ್ಲ, ಅಷ್ಟೆ.

ಹೀಗೆ ಚಿನ್ನಿ ಬಂತು. ಬಂದ ದಿನದಿಂದಲೇ ಮೊಸರನ್ನ. ಬೆಳಗ್ಗೆ ತುಪ್ಪ ಸವರಿದ ಚಪಾತಿ, ಮಧ್ಯಾಹ್ನ ಬೇಳೆ ಕಟ್ಟು ಕಲಸಿದ ಅನ್ನ. ವಸುಧಾಳ ನಂಬಿಕೆ ಸರಳ. ಉಣ್ಣುವ ಅನ್ನದಂತೆ ಗುಣ. ಸಾತ್ವಿಕ ಆಹಾರ ಕೊಟ್ಟರೆ ನಾಯಿಯೂ ಸಾತ್ವಿಕವಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಗಳಿಗೆ ಆಗಿಬರುವುದಿಲ್ಲ ಎಂದು ಎಲ್ಲೋ ಓದಿದ ದಿನ ಅವಳ ಸಂತೋಷ ಹೇಳತೀರದು. “ನೋಡಿದ್ಯಾ ಸುಮಾ? ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ. ನಮ್ಮನೆಯವಳೇ!”

ನಾಯಿಯೂ ಅವಳ ಸೆರಗು ಬಿಡಲಿಲ್ಲ. ಅವಳು ಪಾತ್ರೆ ತೊಳೆದರೆ ಪಕ್ಕದಲ್ಲಿ, ಬಟ್ಟೆ ಒಣಹಾಕಿದರೆ ತಂತಿಯ ಕೆಳಗೆ. ಕೆಲಸ ಹೋದ ಮೇಲೆ ಆ ಮನೆಯಲ್ಲಿ ನಗು ಕಡಿಮೆಯಾಗಿತ್ತು. ಚಿನ್ನಿ ಬಂದ ಮೇಲೆ ಅದು ಮತ್ತೆ ಕೇಳಿಸತೊಡಗಿತು. ನೋಡಿ ನನಗೂ ಖುಷಿಯಾಯಿತು.

ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಸುಟ್ಟರೇ ಹೋಗದ್ದು ಮೊಸರಿಗೆ ಹೋದೀತೆ? ಮೊಸರನ್ನ ತಿಂದು ನಾಯಿಯ ಪಕ್ಕೆಲುಬು ಎದ್ದು ಕಾಣತೊಡಗಿತು, ಹಸಿವು ಹೆಚ್ಚಾಯಿತು, ಬೇಟೆ ಇನ್ನೂ ಚುರುಕಾಯಿತು. ಮೊದಮೊದಲು ಅದು ಮೊಲ ಹಿಡಿದದ್ದು ವಸುಧಾಗೆ ತಿಳಿಯಲೇ ಇಲ್ಲ. ಸತೀಶ ಬೇಗ ಎದ್ದು, ಸಿಕ್ಕಿದ್ದನ್ನು ಅವರೆ ಸಾಲಿನ ಬುಡದಲ್ಲೇ ಹೂತುಬಿಡುತ್ತಿದ್ದರು. “ಒಳ್ಳೇ ನೈಟ್ರೋಜನ್,” ಎಂದರು ನನ್ನ ಹತ್ತಿರ. ಅವರೆ ಸೊಂಪಾಗಿ ಬೆಳೆಯಿತು. ಹೂ ಬಿಟ್ಟಿತು. ಕಾಯಿ ಕಚ್ಚಿತು.

ಆಮೇಲೆ ಚಿನ್ನಿಗೆ ಏನನಿಸಿತೋ, ಹಿಡಿದದ್ದನ್ನು ಹಿತ್ತಲ ಬಾಗಿಲಿಗೇ ತರತೊಡಗಿತು. ಡೆಸ್‌ನ ಕಾಲ ಬಳಿ ಇಟ್ಟು ಕಲಿತ ನಾಯಿ. ಈಗ ಅನ್ನ ಹಾಕುವವಳು ವಸುಧಾ. ಮತ್ತೆ ಯಾರಿಗೆ ಕೊಡಬೇಕು?

ಆ ಶನಿವಾರ ಫೋನಿಟ್ಟು ಕಾರು ಹತ್ತಿ ಹೋದೆ. ಗಂಡ ಹೆಂಡತಿ ಎದುರುಬದುರು ಕೂತಿದ್ದರು. ಚಿನ್ನಿಯನ್ನು ದೂರದ ಶೆಡ್ಡಿನಲ್ಲಿ ಇರಿಸಿ ಎಂದು ಸಲಹೆ ಕೊಟ್ಟೆ. ಅದೂ ಆಗಿದೆಯಂತೆ. ಗೇಟು ಹಾರಿ, ಬಾಯಲ್ಲಿ ಮೊಲದೊಂದಿಗೇ ಬಾಗಿಲಿಗೆ ಬಂತಂತೆ.

“ಬೆಳೆ ಉಳಿದಿರೋದೇ ಅದ್ರಿಂದ ಕಣೇ,” ಎಂದರು ಸತೀಶ. “ಇನ್ನೊಂದು ತಿಂಗಳು ತಡ್ಕೋ. ಕೊಯ್ಲು ಮುಗೀಲಿ.”

“ನೀವು ತಡ್ಕೋಬಹುದು. ನಿಮಗೆ ತಂದು ಕೊಡಲ್ವಲ್ಲ ಅದು!” ವಸುಧಾ ಅತ್ತೇಬಿಟ್ಟಳು. ನನ್ನ ಕಡೆ ತಿರುಗಿದಳು. “ಪ್ರೀತಿಯಿಂದ ತರತ್ತೆ ಅಂತ ನಂಗೊತ್ತಿಲ್ವಾ? ಅದಕ್ಕೇ ಸುಮಾ ತಡ್ಕೊಳ್ಳೋಕ್ಕಾಗ್ತಿಲ್ಲ. ಅದ್ರ ಮುಖ ನೋಡಿದ್ರೆ, ಇದನ್ನೆಲ್ಲ ನಾನೇ ಹೇಳಿ ಮಾಡಿಸ್ದಂಗಿರತ್ತೆ.”

ಹೊರಗೆ ಚಿನ್ನಿ ಬಾಗಿಲು ಕೆರೆಯುತ್ತಿತ್ತು.

ಮರುವಾರ ಚಿನ್ನಿಯನ್ನು ವಾಪಸು ಒಯ್ಯಲು ಡೆಸ್ ತನ್ನ ಯೂಟ್, ಅಂದರೆ ಹಿಂಭಾಗ ತೆರೆದ ಪುಟ್ಟ ಟ್ರಕ್ಕು, ತಂದ. ನಾಯಿಯ ಪಕ್ಕೆ ಸವರಿ ನೋಡಿ, ಏನು ಹಾಕುತ್ತಿದ್ದಿರಿ ಎಂದು ಕೇಳಿದ. ವಸುಧಾ ಹೇಳಿದಳು. “ಮೊಸರು ಒಳ್ಳೆಯದೇ. ಅದರ ಜೊತೆಗೆ?” ಎಂದ. ಅನ್ನ ಎಂದಳು. ಡೆಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಹೊರಡುವ ಹೊತ್ತಿಗೆ ವಸುಧಾ ಒಳಗೆ ಹೋಗಿ ಕುಂಕುಮದ ಭರಣಿ ತಂದು, ಮನೆಗೆ ಬಂದ ಹೆಣ್ಣುಮಗಳಿಗೆ ಇಡುವ ಹಾಗೆ ಚಿನ್ನಿಯ ಹಣೆಗಿಟ್ಟಳು. ಅದು ಅವಳ ಕೈ ನೆಕ್ಕಿತು. ಯೂಟ್ ಗೇಟು ದಾಟುವ ತನಕ ಹಿಂದಕ್ಕೇ ನೋಡುತ್ತಿತ್ತು. ನನಗೆ ಸಂಕಟವಾಯಿತು. ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಚೆನ್ನಾಗಿ ಮಾಡಿ ಕೆಲಸ ಕಳೆದುಕೊಂಡವರೊಬ್ಬರನ್ನು ಆ ಮನೆ ಮೊದಲೇ ಕಂಡಿತ್ತು.

ಹಾಗಾದರೆ ಬೆಳೆ? ಅದಕ್ಕೂ ದಾರಿ ಸಿಕ್ಕಿತು. ಮೊಲ ನಿಯಂತ್ರಿಸುವ ಕಾಂಟ್ರ್ಯಾಕ್ಟರ್ ಒಬ್ಬ ಬಂದ. ಬೇಲಿಯುದ್ದಕ್ಕೂ ಓಟ್ಸ್ ಇಟ್ಟು ಹೋದ, ವಿಷ ಬೆರೆಸಿದ ಓಟ್ಸ್. ಮೊಲಗಳು ಅದನ್ನು ತಿಂದು, ಬಹುಪಾಲು ಬಿಲದೊಳಗೇ ಸಾಯುತ್ತವಂತೆ. ಓಟವಿಲ್ಲ, ಕಚ್ಚುವಿಕೆಯಿಲ್ಲ. ಒಂದೆರಡು ತಿರುವಿನಲ್ಲಿ ಮುಗಿಯುತ್ತಿದ್ದದ್ದಕ್ಕೆ ಈಗ ದಿನಗಟ್ಟಲೆ ಬೇಕು. ಆದರೆ ಹಿತ್ತಲ ಬಾಗಿಲು ಶುಭ್ರ. ವಸುಧಾ ನೆಮ್ಮದಿಯಿಂದ ದೀಪ ಇಡುತ್ತಾಳೆ. “ಈಗ ಏನೂ ಕಾಟ ಇಲ್ಲ ಕಣೇ,” ಎಂದಳು ಫೋನಿನಲ್ಲಿ. ಓಟ್ಸ್ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಕಳೆದ ಭಾನುವಾರ ಅವರ ಮನೆಯಲ್ಲಿ ಅವರೆಕಾಯಿ ಊಟ. ಊರಿನ ಅರ್ಧ ಕನ್ನಡಿಗರು ಅಲ್ಲೇ ಇದ್ದರು. ಹಿತಕಿದ ಬೇಳೆ ಸಾರು, ಅಕ್ಕಿರೊಟ್ಟಿ, ಅವರೆಕಾಳು ಉಪ್ಪಿಟ್ಟು. ಕಾಯಿ ಸುಲಿದ ಬೆರಳುಗಳಲ್ಲಿ ಸೊಗಡು ಹಾಗೇ ಉಳಿದಿತ್ತು. ಸತೀಶ ಬುಟ್ಟಿಗಟ್ಟಲೆ ಮಾರಿದರು, ಮುಂದಿನ ವರ್ಷಕ್ಕೆ ಈಗಲೇ ಆರ್ಡರ್ ಬಂದಿದೆ. ಇಂಟರ್‌ವ್ಯೂ ಮಾತು ಯಾರೂ ಆಡಲಿಲ್ಲ. ನಾನು ಸಾರನ್ನು ಎರಡು ಸಲ ಬಡಿಸಿಕೊಂಡೆ. ತುಂಬಾ ಚೆನ್ನಾಗಿತ್ತು.

ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಬೆರಳು ನೆಕ್ಕಿಕೊಂಡು, “ಇದು ನೋಡಮ್ಮ ಊಟ ಅಂದ್ರೆ! ಆ ಅಂಗಡಿ ಫ್ರೋಜನ್ ಎಲ್ಲಿ, ಇದೆಲ್ಲಿ! ಒಂದು ಜೀವಕ್ಕೂ ನೋವಿಲ್ದೆ ಬೆಳ್ದಿರೋದು. ಪ್ಯೂರ್ ವೆಜ್,” ಎಂದರು.

“ಇನ್ನೊಂಚೂರು ಹಾಕ್ಲಾ ಅಂಕಲ್?” ಎಂದಳು ವಸುಧಾ, ಸೌಟಿನ ಮೇಲಿಟ್ಟ ಕಣ್ಣನ್ನು ಎತ್ತದೆ.

ಓದುಗರೇ, ಪ್ಯೂರ್ ವೆಜ್ ಎಂದರೆ ನಾವು ತಿನ್ನದೇ ಇರುವುದೋ, ನಾವು ನೋಡದೇ ಇರುವುದೋ?