ಮೆಹಂದಿ ಹಚ್ಚಿದ ಕೈಗೆ ಸ್ಕಾಲರ್‌ಶಿಪ್

ಟುಂಯ್ ಎಂಬ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಬೆರಳಚ್ಚು ತಾಳೆಯಾಗಲಿಲ್ಲ ಎಂದು ಆ ಪುಟ್ಟ ಮೆಷಿನ್ ಹೇಳುತ್ತಿದ್ದ ರೀತಿ ಅದು. ಪಕ್ಕದ ಮನೆಯ ಹುಡುಗಿ ಒಂದೊಂದೇ ಬೆರಳನ್ನು ಗಾಜಿನ ಮೇಲೆ ಒತ್ತುತ್ತಿದ್ದಳು. ಪ್ರತಿ ಸಲವೂ ಟುಂಯ್.

ತುಮಕೂರಿನ ನಮ್ಮ ಬೀದಿ ತಿರುವಿನಲ್ಲಿರುವ ಸೈಬರ್ ಸೆಂಟರ್ ಅದು. ನಾನು ಜೆರಾಕ್ಸ್ ಮಾಡಿಸಲು ಅವಳ ಹಿಂದೆ ನಿಂತಿದ್ದೆ. ಅವಳು ಇಂಜಿನಿಯರಿಂಗ್ ಕಾಲೇಜಿನಲ್ಲಿ ಇನ್ಫರ್ಮೇಶನ್ ಸೈನ್ಸ್ ಓದುತ್ತಿದ್ದಳು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸ್ಕಾಲರ್‌ಶಿಪ್ ಬಂದರಷ್ಟೇ ಎರಡನೇ ವರ್ಷ. ಇಲ್ಲದಿದ್ದರೆ ಓದು ಅಲ್ಲಿಗೇ ಬಂದ್. ಅರ್ಜಿ ಹಾಕಿದವಳು ತಾನೇ ಎಂದು ಬೆರಳಚ್ಚು ಕೊಟ್ಟು ತೋರಿಸಲು ಮಾರನೆಯ ದಿನವೇ ಲಾಸ್ಟ್ ಡೇಟ್. ಆದರೆ ಕುಣಿಗಲ್‌ನಲ್ಲಿ ನಾಡಿದ್ದು ಅಕ್ಕನ ನಿಕಾಹ್ ಎಂದು ಮನೆಯ ಹೆಂಗಸರು ಇವಳ ಬೆರಳ ತುದಿಗಳಿಗೂ ಟೋಪಿ ತೊಡಿಸಿದ ಹಾಗೆ ಮೆಹಂದಿ ಮೆತ್ತಿಬಿಟ್ಟಿದ್ದರು. ಬಣ್ಣ ಎಷ್ಟು ಚೆನ್ನಾಗಿ ಹಿಡಿದಿತ್ತೆಂದರೆ, ಮೆಷಿನ್‌ಗೆ ಬೆರಳಿನ ಗೆರೆಗಳೇ ಕಾಣಲಿಲ್ಲ.

"ಸ್ಕಾಲರ್‌ಶಿಪ್ಪೂ ಬೇಕು, ಮೆಹಂದಿ ಶೋಕಿನೂ ಬೇಕು," ಎಂದ ಆಪರೇಟರ್. "ಫ್ರೀಯಾಗಿ ಓದೋರ್ಗೆ ಇವೆಲ್ಲ ಯಾಕಮ್ಮ? ಹೋಗು, ಉಜ್ಜಿ ತೊಳ್ಕೊಂಡ್ ಬಾ."

ಸಾಲಿನಲ್ಲಿದ್ದವರು ನಕ್ಕರು. ಹುಡುಗಿ ಕೈಗಳನ್ನು ದುಪಟ್ಟಾದೊಳಗೆ ಬಚ್ಚಿಟ್ಟುಕೊಂಡು ಹೊರಟುಹೋದಳು.

ಸಂಜೆ ಹಿತ್ತಿಲಲ್ಲಿ ನೋಡಿದರೆ, ನಿಂಬೆಹಣ್ಣು, ಟೂತ್‌ಪೇಸ್ಟ್ ಹಚ್ಚಿ ಒಗೆಯುವ ಕಲ್ಲಿಗೆ ಬೆರಳು ತಿಕ್ಕುತ್ತಿದ್ದಳು.

"ನಿಂಬೆಹಣ್ಣೆಲ್ಲ ಖಾಲಿ ಆಯ್ತು ಮಿಸ್, ಬಣ್ಣ ಮಾತ್ರ ಹೋಗ್ತಿಲ್ಲ," ಎಂದರು ಅವಳ ತಾಯಿ.

"ಸಾಕು ನಿಲ್ಸೇ!" ಎಂದು ನಾನು ಗದರಿದೆ. "ಚರ್ಮಾನೇ ಕಿತ್ತೋದ್ರೆ ಗೆರೆ ಎಲ್ಲಿಂದ ತರ್ತೀಯ?"

ಕಾನ್ವೆಂಟಿನಲ್ಲಿ ಓದಿ, ಕಾನ್ವೆಂಟಿನಲ್ಲೇ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ನಾನು. ಯಾರೇನು ಕೊಟ್ಟರೂ ಥ್ಯಾಂಕ್ ಯೂ ಹೇಳಿ ತಲೆ ತಗ್ಗಿಸಬೇಕೆಂದು ಸಿಸ್ಟರ್‌ಗಳು ನಮಗೆ ಕಲಿಸಿದ್ದರು. ಆ ತಂಪಾದ ಕಾರಿಡಾರುಗಳು, ಮೇಣದ ಬತ್ತಿಯ ವಾಸನೆ, ಎಲ್ಲವನ್ನೂ ಈಗಲೂ ಮಿಸ್ ಮಾಡಿಕೊಳ್ಳುತ್ತೇನೆ. ಆದರೆ ಆ ಪಾಠವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಥ್ಯಾಂಕ್ ಯೂ ಸರಿ, ತಲೆ ಯಾಕೆ ತಗ್ಗಿಸಬೇಕು? ಮಾರ್ಕ್ಸ್ ಅವಳದು, ಹಕ್ಕು ಅವಳದು. ಅಕ್ಕನ ಮದುವೆಗೆ ಬರಿಗೈಯಲ್ಲಿ ಹೋಗಬೇಕೆಂದು ಯಾವ ರೂಲ್‌ನಲ್ಲಿದೆ?

ನನ್ನ ಬೆರಳುಗಳೂ ವಯಸ್ಸಾಗಿ ಸವೆದಿವೆ. ಬದುಕಿದ್ದೇನೆಂದು ಪೆನ್ಷನ್‌ನವರಿಗೆ ತೋರಿಸಲು, ಗುಬ್ಬಿಯಲ್ಲಿ ತಂಗಿಯ ಮನೆಗೆ ಹೋಗಿದ್ದಾಗ ಅಲ್ಲಿನ ಸೆಂಟರ್‌ನಲ್ಲಿ ನನ್ನ ಕಣ್ಣನ್ನು ಸ್ಕ್ಯಾನ್ ಮಾಡಿದ್ದರು. ಬೆಳಗ್ಗೆ ಹುಡುಗಿಯನ್ನು ಗುಬ್ಬಿ ಬಸ್ ಹತ್ತಿಸಿದೆ.

"ಮಿಸ್, ಕಣ್ಣೂ ಬರ್ಲಿಲ್ಲ ಅಂದ್ರೆ?"

"ಯಾಕ್ ಬರಲ್ಲ? ಕಣ್ಣಿಗೂ ಮೆಹಂದಿ ಹಾಕ್ಕೊಂಡಿದೀಯೇನೇ?"

"ಇಲ್ಲ ಮಿಸ್, ಬರೀ ಸುರ್ಮಾ," ಎಂದಳು. ಹಿಂದಿನ ದಿನದಿಂದ ಮೊದಲ ಸಲ ನಕ್ಕಳು.

ಅತ್ತು ಅತ್ತು ಅವಳ ಕಣ್ಣುಗಳು ಊದಿದ್ದವು. ಮೊದಲ ಸಲ ಸ್ಕ್ಯಾನ್ ಹಿಡಿಯಲಿಲ್ಲ. ಗುಬ್ಬಿಯ ಆಪರೇಟರ್ ಹೆಂಗಸು, "ರೆಪ್ಪೆ ಬಡೀಬೇಡ ಕಣವ್ವ, ನಿನ್ ಎದುರಿಗೆ ನಿಮ್ ಪ್ರಿನ್ಸಿಪಾಲ್ರು ನಿಂತವ್ರೆ ಅನ್ಕೋ," ಎಂದರು. ಹುಡುಗಿ ಕಣ್ಣರಳಿಸಿ ಮೆಷಿನ್ನನ್ನೇ ದಿಟ್ಟಿಸಿದಳು. ಸ್ಕ್ರೀನ್ ಮೇಲೆ ಹಸಿರು ಟಿಕ್ ಬಿತ್ತು.

ತುಮಕೂರಿಗೆ ವಾಪಸಾದ ಮೇಲೆ ಅವಳು ಮನೆಗೆ ಹೋಗಲಿಲ್ಲ, ನೇರ ನಮ್ಮ ಬೀದಿಯ ಸೆಂಟರ್‌ಗೆ ನುಗ್ಗಿದಳು. ಎರಡೂ ಅಂಗೈಗಳನ್ನು ಟೇಬಲ್ ಮೇಲೆ ಹರಡಿಟ್ಟಳು.

"ಅಣ್ಣಾ, ಕಣ್ಣಲ್ಲಿ ಆಯ್ತು. ನೀವೂ ಕಣ್ ನೋಡೋ ಐರಿಸ್ ಮೆಷಿನ್ ತರ್ಸಿ. ಇನ್ಮೇಲೆ ಯಾರ್ಗೂ ಕೈ ತೊಳ್ಕೊಂಡ್ ಬಾ ಅನ್ಬೇಡಿ."

"ಏನಮ್ಮ, ಸ್ಕಾಲರ್‌ಶಿಪ್ ಬರೋಕ್ ಮುಂಚೇನೇ ಇಷ್ಟ್ ಜೋರಾ?"

"ಬಂದ್ಮೇಲೆ ಇನ್ನೂ ಜೋರಾಗ್ತೀನಿ."

ಸ್ಕಾಲರ್‌ಶಿಪ್ ಬಂತು, ತಡವಾಗಿಯಾದರೂ. ಎರಡನೇ ವರ್ಷಕ್ಕೆ ಸೇರಿದ ಮೇಲೆ ಅವರ ಮನೆಯವರು ಬಾಡಿಗೆ ಕಡಿಮೆಯಿರುವ ಕಡೆಗೆ, ಅಂತರಸನಹಳ್ಳಿಗೆ ಹೋದರು.

ಅವಳನ್ನು ನಾನು ಕಡೆಯ ಬಾರಿ ನೋಡಿದ್ದು ಆಟೋದಲ್ಲಿ ಹೋಗುವಾಗ. ಅದೇ ಸೆಂಟರ್‌ನ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು, ಪಕ್ಕದಲ್ಲಿ ಫೈಲ್ ಹಿಡಿದ ಜೂನಿಯರ್ ಹುಡುಗಿಯರು. ಮಾತು ಕೇಳಿಸಲಿಲ್ಲ. ಆಪರೇಟರ್ ಮಾತ್ರ ಕುರ್ಚಿಯಿಂದ ಎದ್ದು ನಿಂತಿದ್ದ.