ಕುಂಬಳದ ಪೆಟ್ಟಿಗೆಯಲ್ಲಿ ಸಿಕ್ಕ ಕೋಳಿ

ನಿನ್ನೆ ಸಿಹಿಗುಂಬಳ ಹೆಚ್ಚುತ್ತಿದ್ದೆ. ಆ ಹಸಿ ವಾಸನೆಗೆ ತರಕಾರಿ ಅಂಗಡಿಯ ಅಜ್ಜ ನೆನಪಾದ.

ಆಗ ನಾನು ಜಪಾನಿನ ಇದೇ ಕೋಬೆಯಲ್ಲಿ ನಮ್ಮ ಕಡೆಯ ವ್ಯಾಪಾರಿಯೊಬ್ಬರ ಮನೆಯಲ್ಲಿ ಅಡುಗೆಯವಳು. ಇಸವಿ ಎರಡು ಸಾವಿರ ಹುಟ್ಟಿದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂದು ಯಜಮಾನರು ಒದ್ದಾಡುತ್ತಿದ್ದರು. ನನಗೆ ಬರುತ್ತಿದ್ದದ್ದು ಹೆಸರು ಬರೆಯುವಷ್ಟು ಓದು. ಆ ಗೋಳು ನನ್ನದಲ್ಲ.

ಚಳಿ ಬಂದರೆ ಅಜ್ಜನ ಅಂಗಡಿಗೆ ಟೋಂಗಾ ಎಂಬ ದ್ವೀಪದಿಂದ ಕುಂಬಳ ಬರುತ್ತಿತ್ತು. ಆ ಸಲ ಒಂದು ಪೆಟ್ಟಿಗೆಯ ತಳದಲ್ಲಿ ಅವನಿಗೊಂದು ನಾಣ್ಯ ಸಿಕ್ಕಿತು. ಒಂದು ಕಡೆ ಮರಿಗಳ ಜೊತೆ ಕೋಳಿ, ಇನ್ನೊಂದು ಕಡೆ ತೆಂಗಿನಕಾಯಿ. ಅಲ್ಲಿಯ ದುಡ್ಡಿಗೆ ಪಾಂಗಾ ಎನ್ನುತ್ತಾರಂತೆ, ಇದು ಅದರ ಚಿಲ್ಲರೆಯಂತೆ. ಪಾಂಗಾ ಅಂದರೆ ಆಟಕ್ಕೆ ಬಳಸುವ, ಯಾವುದೋ ಬಳ್ಳಿಯ ಬೀಜವಂತೆ... ಬೀಜದ ಹೆಸರು, ಕೋಳಿಯ ಚಿತ್ರ. ಎಂಥ ರಾಜ್ಯವಪ್ಪ ಇದು ಎನಿಸಿತು. ಹೊಸ ವರ್ಷ ನಮಗಿಂತ ಮೊದಲು ಅಲ್ಲಿಗೇ ಬರುವುದು ಎಂದ ಅಜ್ಜ. ಹಾಗಾದರೆ ಅವರ ಕೋಳಿಗೆ ನಿದ್ದೆ ಕಡಿಮೆ ಎಂದೆ. ನಕ್ಕ.

ಯಾರೋ ಕಳೆದುಕೊಂಡದ್ದು, ಸಂಜೆ ಪೊಲೀಸ್ ಚೌಕಿಗೆ ಕೊಡುತ್ತೇನೆಂದು ಅದನ್ನು ದುಡ್ಡಿನ ತಟ್ಟೆಯಲ್ಲಿಟ್ಟು ಒಳಗೆ ಹೋದ. ನಾನು ಎತ್ತಿಕೊಂಡೆ. ಇನ್ನೊಂದು ಸಲ ನೋಡಿ ಕೊಡೋಣವೆಂದಿದ್ದೆ, ಕೊಡಲಿಲ್ಲ. ಕದ್ದದ್ದೇ, ಬೇರೆ ಮಾತಿಲ್ಲ.

ನಾಲ್ಕನೆಯ ದಿನ ಹೋದರೆ ಅಂಗಡಿಯಲ್ಲಿ ಅವನ ಮಗಳು. ಅಪ್ಪನಿಗೆ ಮರೆವು ಹತ್ತಿದೆ, ಆ ನಾಣ್ಯವನ್ನೂ ಯಾರಿಗೋ ಚಿಲ್ಲರೆಯೆಂದು ಕೊಟ್ಟಿರಬೇಕು, ಅಂಗಡಿ ಮುಚ್ಚಿಸಿ ತನ್ನೂರಿಗೆ ಕರೆದೊಯ್ಯುತ್ತೇನೆ ಎಂದಳು. ಅಜ್ಜ ತಲೆ ತಗ್ಗಿಸಿ ಖಾಲಿ ತಟ್ಟೆ ಒರೆಸುತ್ತಿದ್ದ. ಅವನೂ ಅದನ್ನು ನಂಬಿದ್ದ.

ಯಜಮಾನರ ಕಿವಿಗೆ ಬಿದ್ದರೆ ನನ್ನ ಕೆಲಸ ಹೋಗುವುದು ಗೊತ್ತಿತ್ತು. ಸ್ವೆಟರಿನ ಜೇಬಿನಿಂದ ನಾಣ್ಯ ತೆಗೆದು ತಟ್ಟೆಗೆ ಹಾಕಿದೆ.

“ಸುಮಿಮಾಸೆನ್, ಓಜೀಸಾನ್. ತಪ್ಪಾಯಿತು ಅಜ್ಜಾ, ನಾನೇ ತಗೊಂಡಿದ್ದೆ. ನಿಮಗೆ ಯಾವ ಮರೆವೂ ಇಲ್ಲ.”

ಅಜ್ಜ ನನ್ನ ಮುಖ ನೋಡಿದ, ನಾಣ್ಯ ನೋಡಿದ. ಆಮೇಲೆ ಮಗಳ ಕಡೆ ತಿರುಗಿದ. ಅಷ್ಟು ಸಂತೋಷದಲ್ಲಿ ಅವನನ್ನು ನಾನು ನೋಡಿರಲಿಲ್ಲ.

“ನೋಡಿದೆಯಾ? ಕಳ್ಳಿ ಇವಳು. ನನ್ನ ತಲೆ ಸರಿಯಾಗೇ ಇದೆ.”

ಮಗಳು ಒಬ್ಬಳೇ ಊರಿಗೆ ಹೋದಳು. ಯಜಮಾನರಿಗೆ ಯಾರೂ ಹೇಳಲಿಲ್ಲ.

ಅಂಗಡಿ ಇನ್ನೆರಡು ಚಳಿಗಾಲ ನಡೆಯಿತು. ಆಮೇಲೊಂದು ದಿನ ಬಾಗಿಲು ಹಾಕಿತ್ತು, ಮೇಲೊಂದು ಕಾಗದ ಅಂಟಿಸಿತ್ತು. ರಜೆಯ ಚೀಟಿ ಎಂದುಕೊಂಡು ಎಂಟು ದಿನ ಚೀಲ ಹಿಡಿದು ಹೋಗಿ ಬಂದೆ. ಒಂಬತ್ತನೆಯ ದಿನ ಪಕ್ಕದ ಮೀನಿನಂಗಡಿಯವಳು ಅದನ್ನು ಓದಿ ಹೇಳಿದಳು. ಅಜ್ಜ ತೀರಿಕೊಂಡಿದ್ದ...

ಈಗ ಅಲ್ಲಿ ಕೊಂಬಿನಿ ಇದೆ, ಹಗಲು ರಾತ್ರಿ ತೆರೆದಿರುವ ಅಂಗಡಿ. ಬೇಕಾದ್ದು ತೆಗೆದುಕೊಂಡು ಬರುತ್ತೇನೆ. ನಾನು ಯಾರೆಂದು ಅಲ್ಲಿ ಒಬ್ಬರಿಗೂ ಗೊತ್ತಿಲ್ಲ.